ಮಾವನವರ ಕಾರಿನ ಎಣ್ಣೆ

ಹೊಸಪೇಟೆಯಲ್ಲಿ ಗಣಿ ದುಡ್ಡು ಹರಿಯುತ್ತಿದ್ದ ವರ್ಷಗಳವು. ನಿನ್ನೆ ಸೈಕಲ್ ತುಳಿಯುತ್ತಿದ್ದವರು ಇವತ್ತು ಬಾಗಿಲ ಮುಂದೆ ಬೆಳ್ಳನೆಯ ದೊಡ್ಡ ಕಾರು ನಿಲ್ಲಿಸುತ್ತಿದ್ದರು. ನಮ್ಮ ಬಾಗಿಲ ಮುಂದೆ ಇದ್ದದ್ದು ತೀರಿಹೋದ ಮಾವನವರ ಹಳೇ ಕಾರು. ಇಂಜಿನ್ನಿನ ಮೇಲಿನ ಮುಚ್ಚಳದ ಸಂದಿಯಿಂದ ಅದು ಎಣ್ಣೆ ಸೋರಿಸುತ್ತಿತ್ತು, ಅದೂ ನಾನು ದಿನಾ ರಂಗೋಲಿ ಹಾಕುವ ಕಲ್ಲಿನ ಮೇಲೆಯೇ. ಅದಿರಿನ ಕೆಂಧೂಳು ಆ ಎಣ್ಣೆಗೆ ಅಂಟಿ, ಯಾರೋ ಎಲೆಯಡಿಕೆ ಜಗಿದು ಉಗುಳಿ ಹೋದ ಹಾಗೆ ಕಾಣುತ್ತಿತ್ತು. ಆ ಕಾರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಅತ್ತೆಯೇ ತೀರ್ಪು ಕೊಟ್ಟುಬಿಟ್ಟರು. “ಅದು ಕಾರಲ್ಲ, ಎಣ್ಣಿ ಗಾಣ. ಐತವಾರದೊಳಗ ಸೋರೂದು ನಿಲ್ಲಲಿಲ್ಲಂದ್ರ ಸೋಮವಾರ ಕೊಟ್ಟುಬಿಡು.” ಪಾಪಿನಾಯಕನಹಳ್ಳಿಯ ಗುಜರಿಯವರಿಗೆ ಹೇಳಿಯೂ ಕಳಿಸಿದರು. ನನ್ನ ಗಂಡನ ಮುಖ ಬಾಡಿಹೋಯಿತು. ಅಪ್ಪನ ತೊಡೆಯ ಮೇಲೆ ಕೂತು ಸ್ಟೀರಿಂಗ್ ಹಿಡಿದ ಕಾರು ಅದು. ನಾನು ಒಳಗೊಳಗೇ ಖುಷಿಪಟ್ಟೆ, ಸುಳ್ಳೇಕೆ ಹೇಳಲಿ.

ಮೆಕ್ಯಾನಿಕ್ಕುಗಳೆಲ್ಲ ಸಂಡೂರಿನ ಟಿಪ್ಪರ್‌ಗಳ ಕೆಳಗೆ ಮಲಗಿದ್ದರು. ನಮ್ಮ ಕಾರಿನ ಸುದ್ದಿ ಎತ್ತಿದರೆ ನಗುತ್ತಿದ್ದರು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವವನಿಗೆ ಇದ್ಯಾವ ದೊಡ್ಡ ಕೆಲಸ ಎಂದು ಗಂಡ ತಾವೇ ಬೂಚಿನ ಹೊಸ ಪ್ಯಾಕಿಂಗ್ ತಂದರು. ಮುಚ್ಚಳಕ್ಕೂ ಇಂಜಿನ್ನಿಗೂ ನಡುವೆ ಅದು ಒತ್ತಿ ಕೂತರೆ ಎಣ್ಣೆ ಹೊರಗೆ ಬರುವುದಿಲ್ಲ. ಆದರೆ ಬಿಚ್ಚಿದ ಇಂಜಿನ್ನಿಗೆ ಧೂಳು ಬೀಳಬಾರದು. ಆಗಿನ ನಮ್ಮೂರಲ್ಲಿ ಧೂಳು ಬೀಳದ ಜಾಗ ಎಲ್ಲಿತ್ತು? ನನ್ನ ಸೀರೆಗಳನ್ನು ನೀರಲ್ಲಿ ಅದ್ದಿ ಕಾರಿನ ಸುತ್ತ ಪರದೆ ಕಟ್ಟಿದರು. ಅದರಲ್ಲೊಂದು ತವರಿನಿಂದ ಬಂದ ಇಳಕಲ್ ಸೀರೆ. ಎದುರುಮನೆಯಾಕೆ ಬಂದು, “ಯಾವ ಬಯಲಾಟರೀ ಅಕ್ಕ?” ಎಂದು ಕೇಳಿದಳು.

“ಎಣ್ಣಿ ಕಲ್ಯಾಣ” ಎಂದೆ.

ಗಂಡ ಹಳೇ ಪ್ಯಾಕಿಂಗನ್ನು ಕೆರೆದು ತೆಗೆದು, ಮುಚ್ಚಳವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸದನ್ನು ಪೇಪರಿನ ಮೇಲಿಟ್ಟು ಉಣ್ಣಲು ಬಂದರು. ಉಂಡು ಹೋಗಿ ಅದನ್ನು ಕೂರಿಸಿದರು. ಬೋಲ್ಟಿನ ಕೆಳಗಿನ ರಬ್ಬರ್ ವಾಷರುಗಳನ್ನೂ ಬದಲಿಸಿ, ಕೂಸಿನ ಅಂಗಿಗೆ ಗುಂಡಿ ಹಾಕುವಷ್ಟು ನಾಜೂಕಾಗಿ ಬಿಗಿದರು. ಇಂಜಿನ್ ಚಾಲೂ ಮಾಡಿದರೆ, ಮೊದಲು ಹನಿಯುತ್ತಿದ್ದ ಎಣ್ಣೆ ಈಗ ಧಾರೆಯಾಗಿ ಇಳಿಯಿತು.

ಸೋಮವಾರ ಬೆಳಿಗ್ಗೆ ಗುಜರಿಯವರು ಬಂದರು. ನಾನು ತುಸು ಹೆಚ್ಚೇ ಸಕ್ಕರೆ ಹಾಕಿ ಚಹಾ ಕೊಟ್ಟೆ. ಗಂಡನಿಗೆ ಮನಸ್ಸು ತಡೆಯಲಿಲ್ಲ. “ಇನ್ನೊಂದ್ಸಲ ನೋಡ್ತೀನ್ರಿ, ಕುಂದ್ರಿ” ಎಂದು ಮತ್ತೆ ಮುಚ್ಚಳ ಎತ್ತಿದರು. ಎತ್ತಿದವರು ಹಾಗೇ ನಿಂತರು. ನಾನೂ ಬಗ್ಗಿ ನೋಡಿದೆ. ಪ್ಯಾಕಿಂಗಿನ ಕೆಳಮೈಗೆ, ಯಾರ ಕಣ್ಣಿಗೂ ಬೀಳದ ಕಡೆ, ದಪ್ಪಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಅದು ಒಣಗಿ ಉಬ್ಬಿಕೊಂಡು ಪ್ಯಾಕಿಂಗನ್ನು ಒತ್ತಿ ಕೂರಲು ಬಿಟ್ಟಿರಲಿಲ್ಲ. ಎಣ್ಣೆ ಅದರ ಪಕ್ಕದಲ್ಲೇ ದಾರಿ ಮಾಡಿಕೊಂಡಿತ್ತು.

ಅಷ್ಟರಲ್ಲಿ ಅತ್ತೆ ಪೂಜೆ ಮುಗಿಸಿ ಹೊರಗೆ ಬಂದರು. ಗಂಡ ಪ್ಯಾಕಿಂಗನ್ನು ಅವರ ಮುಂದೆ ಹಿಡಿದರು.

“ಯಾರ್ ಹಚ್ಯಾರೋ ಏನೋ, ನನಗೇನ್ ಗೊತ್ತು” ಎಂದ ಅತ್ತೆಯ ಬಲಗೈಯ ಮೂರು ಬೆರಳು ಇನ್ನೂ ಬೆಳ್ಳಗಿದ್ದವು. ನಾವು ನೋಡಿದ್ದು ತಿಳಿದು ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡರು. ಮಾರಿಬಿಡು ಎಂದವರೇ, ಗಂಡ ಉಣ್ಣಲು ಬಂದಿದ್ದಾಗ ವಿಭೂತಿ ಹಚ್ಚಿ, ಕಾರು ಉಳಿಯಲಿ ಎಂದು ಕದ್ದು ಬೇಡಿಕೊಂಡಿದ್ದರು. ನನಗೆ ನಗು ಬಂತು.

ಗಂಡ ಎಲ್ಲ ಒರೆಸಿ, ಮತ್ತೆ ಕೂರಿಸಿ, ಬಿಗಿದರು. ಆಮೇಲೆ ಮೆಲ್ಲಗೆ ಕರೆದರು. “ಯವ್ವ, ಬಾ. ಹಚ್ಚೂದಾದ್ರ ಮ್ಯಾಲ ಹಚ್ಚು, ಒಳಗ ಬ್ಯಾಡ.”

ಅತ್ತೆ ಮುಚ್ಚಳದ ಮೇಲೆ ವಿಭೂತಿ ಎಳೆದರು. ಇಂಜಿನ್ ಬಹಳ ಹೊತ್ತು ಗುಡುಗುಡು ಎಂದಿತು, ಒಂದು ಹನಿಯೂ ಬೀಳಲಿಲ್ಲ. “ಹಂಗಾದ್ರ ನಾ ಹೋಗ್ಲೇನ್ರಿ?” ಎಂದು ಗುಜರಿಯವರು ನನ್ನನ್ನು ಕೇಳಿದರು. ಅತ್ತೆ ಆ ಕಡೆ ತಿರುಗಿಯೂ ನೋಡದೆ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತರು. ಮಾವನವರು ಹೋದ ಮೇಲೆ ಅವರು ಅಲ್ಲಿ ಕೂತದ್ದು ಅದೇ ಮೊದಲು.