ಪಾವಗಡದಿಂದ ಬಂದ ಮೊಸರು

ರಸ್ತೆಯ ಗುಣಮಟ್ಟವನ್ನು ಅಳೆಯಲು ಎಂಜಿನಿಯರುಗಳ ಬಳಿ ಏನೇನು ಯಂತ್ರಗಳಿವೆಯೋ ನನಗೆ ತಿಳಿಯದು. ನಮ್ಮ ಮನೆಯಲ್ಲಿ ಮಾತ್ರ ಆ ಕೆಲಸವನ್ನು ಒಂದು ಗಡಿಗೆ ಮೊಸರು ಬಹುಕಾಲದಿಂದ ನಿರ್ವಹಿಸಿಕೊಂಡು ಬಂದಿದೆ.

ಕೊರಟಗೆರೆಯಿಂದ ನನ್ನ ಅಕ್ಕನನ್ನು ಪಾವಗಡಕ್ಕೆ ಮದುವೆ ಮಾಡಿಕೊಟ್ಟಾಗ ನಮ್ಮಮ್ಮನಿಗೆ ಅಳಿಯನ ಬಗ್ಗೆ ತಕರಾರಿರಲಿಲ್ಲ, ಇದ್ದುದೆಲ್ಲ ರಸ್ತೆಯ ಬಗ್ಗೆ. ಅಕ್ಕನಿಗೋ ಕಡಲೆಕಾಯಿ ಹಿಂಡಿ ತಿಂದು ಬೆಳೆದ ತನ್ನ ಎಮ್ಮೆಯ ಮೇಲೆ ಅಪಾರ ಅಭಿಮಾನ. ತವರಿಗೆ ಹೊರಡುವ ಮುನ್ನಾದಿನ ಹಾಲಿಗೆ ಹೆಪ್ಪು ಹಾಕಿ, ಬೆಳಿಗ್ಗೆ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಮಗುವಿನಂತೆ ಎತ್ತಿಕೊಂಡು ಬಸ್ಸು ಹತ್ತುತ್ತಿದ್ದಳು. ಮಿಡಿಗೇಶಿ, ಮಧುಗಿರಿ ದಾಟಿ ನಮ್ಮೂರು ಮುಟ್ಟುವಷ್ಟರಲ್ಲಿ ಬಸ್ಸು ಅದನ್ನು ಸಾಂಗೋಪಾಂಗವಾಗಿ ಕಡೆದು ಮುಗಿಸಿರುತ್ತಿತ್ತು. ನಾನು ನಾಚಿಕೆಯಿಲ್ಲದೆ ತೇಲುವ ಬೆಣ್ಣೆಗೆ ಕೈ ಹಾಕುತ್ತಿದ್ದೆ. ಅಮ್ಮ ಗಡಿಗೆಯೊಳಗೆ ಇಣುಕಿ, "ಎಷ್ಟು ದೂರಕ್ಕೆ ಕೊಟ್ಬುಟ್ವಲ್ಲಮ್ಮ ನಿನ್ನ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಒಂದು ಸಲವಾದರೂ ಒಡೆಯದ ಮೊಸರು ತಂದು ಅಮ್ಮನ ಈ ವ್ಯಥೆಯನ್ನು ಹೋಗಲಾಡಿಸಬೇಕೆಂಬುದೇ ಅಕ್ಕನ ಜೀವನದ ಹಟವಾಯಿತು. ಒಮ್ಮೆ, ದೂರವಾದರೂ ರಸ್ತೆ ಚೆನ್ನಾಗಿದೆಯೆಂದು ಶಿರಾ ಸುತ್ತಿಕೊಂಡು ಬಂದಳು. ಆಗ ಮೊಸರು ಒಡೆದದ್ದಲ್ಲದೆ ಹುಳಿಯೂ ಆಗಿತ್ತು.

ಸರ್ಕಾರವೂ ಅಷ್ಟರಲ್ಲಿ ಹೆದ್ದಾರಿಗೆ ಹೆಪ್ಪು ಹಾಕಿತ್ತು, ಆದರೆ ಅದು ಗಟ್ಟಿಯಾಗಲು ದಶಕಗಳು ಹಿಡಿದವು. ಮೊದಲು ಕೊರಟಗೆರೆ–ಮಧುಗಿರಿ ನಡುವಿನ ರಸ್ತೆ ಅಗಲವಾಯಿತು, ನನ್ನ ಪಾಲಿನ ಬೆಣ್ಣೆ ಕಡಿಮೆಯಾಯಿತು. ಎಷ್ಟೋ ವರ್ಷದ ಮೇಲೆ ಮಿಡಿಗೇಶಿಯತ್ತ ಡಾಂಬರು ಬಂತು, ಸೇತುವೆಗಳು ಮಾತ್ರ ಅರ್ಧಕ್ಕೇ ನಿಂತವು. ಆ ಕಾಲದಲ್ಲೊಮ್ಮೆ ಅಕ್ಕನನ್ನು ಕರೆತರಲು ಹೋದವನು, ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡರೆ ಆಘಾತವೆಲ್ಲ ಶರೀರದಲ್ಲೇ ಲೀನವಾಗುತ್ತದೆಂದು ವಿದ್ವತ್ಪೂರ್ಣವಾಗಿ ವಾದಿಸಿ, ಮೊದಲ ಸೇತುವೆಯ ಬಳಸುದಾರಿಯಲ್ಲೇ ನನ್ನ ಬಿಳಿ ಪಂಚೆಗೆ ಕ್ಷೀರಾಭಿಷೇಕಕ್ಕಿಂತ ಒಂದು ಹಂತ ಮುಂದಿನದನ್ನು ಮಾಡಿಸಿಕೊಂಡೆ. "ಇನ್ನೊಂದು ಸೇತುವೆ ಐತೆ ಸಾರ್, ಒಸಿ ಉಳಿಸ್ಕಳಿ," ಎಂದ ಕಂಡಕ್ಟರ್. ಅಕ್ಕ ನಗಲಿಲ್ಲ. ಮುಂದಿನ ಸಲ ತಾನೇ ಹಿಡಿದುಕೊಳ್ಳುವೆನೆಂದಳು.

ಈ ವರ್ಷ ಕೊನೆಯ ಸೇತುವೆಯೂ ಮುಗಿಯಿತು. ಅಕ್ಕ ಈಗ ತಲೆ ನರೆತ ಅಜ್ಜಿ; ಅಮ್ಮನಿಗೆ ಕಣ್ಣು ಮಂಜು. ಬಸ್ಸಿಳಿದು ಬಂದ ಅಕ್ಕ ಗಡಿಗೆಯನ್ನು ಅಮ್ಮನ ಮುಂದಿಟ್ಟು ಬಟ್ಟೆ ಬಿಚ್ಚಿದಳು. ಬಿಳಿಯ ಕೆನೆಯ ಮೇಲೆ ಒಂದು ಗೀರೂ ಇರಲಿಲ್ಲ. ಬೆಣ್ಣೆಯ ಆಸೆಯನ್ನು ಶಾಶ್ವತವಾಗಿ ಕಳೆದುಕೊಂಡ ನನಗೂ ಜಯಕಾರ ಹಾಕಬೇಕೆನ್ನಿಸಿತು.

ಅಮ್ಮನಿಗೆ ಕಣ್ಣಿನ ಮೇಲೆ ನಂಬಿಕೆಯಿಲ್ಲ. ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲನೆ ಓರೆ ಮಾಡಿದಳು, ಇನ್ನಷ್ಟು ಓರೆ ಮಾಡಿದಳು. ಮೊಸರು ಕದಲಲಿಲ್ಲ. ಬೆರಳ ತುದಿಯಲ್ಲಿ ಮುಟ್ಟಿ, ಬಾಯಿಗಿಟ್ಟುಕೊಂಡು, ಅಕ್ಕನ ಮುಖವನ್ನು ತಡವಿದಳು.

"ಅಂಗಾರೆ ಹತ್ರಕ್ಕೇ ಕೊಟ್ಟಿದೀವಿ ಕಣಮ್ಮ ನಿನ್ನ," ಎಂದಳು.