ಹೋದ ರೋಗಕ್ಕೆ ಒಬ್ಬ ಸಾಕ್ಷಿ

ಎಕ್ಸರೇಯಲ್ಲಿ ದ್ಯಾಮವ್ವನ ಎಡಗಾಲಿನ ಹರಡಿನ ಗಂಟಿನ ಮೇಲೆ ಒಂದು ಬಿಳಿ ಗೆರೆ ಸುತ್ತಿಕೊಂಡು ಮಲಗಿತ್ತು. ಎಕ್ಸರೇ ತೆಗೆದ ಆಸ್ಪತ್ರೆಯ ಹುಡುಗ ಶಾನವಾಜ ಅದನ್ನು ಬೆಳಕಿಗೆ ಹಿಡಿದು ನೋಡಿದ, ತಿರುಗಿಸಿ ನೋಡಿದ.

"ಸಿಸ್ಟರ್, ಇದೇನ್ರಿ ಕಾಲಾಗ? ದಾರ ಹೊಲದು ಮರತಂಗ ಐತೆಲ್ಲ."

"ನಾರಿನ ಹುಳಾಪ್ಪಾ," ಎಂದಳು ದ್ಯಾಮವ್ವ. "ಸತ್ತು ಸುಣ್ಣ ಆಗೇತಿ. ನಲವತ್ತು ವರ್ಷದ್ದು."

"ನಾರಂದ್ರ?"

ಶಾನವಾಜನಿಗೆ ಇಪ್ಪತ್ತಾರು ವರ್ಷ. ಅವನು ಹುಟ್ಟುವ ಹೊತ್ತಿಗೆ ನಾರು ಹುಣ್ಣು ಈ ನಾಡಿನಿಂದ ಹೋಗಿಬಿಟ್ಟಿತ್ತು. ನಿಂತ ನೀರು ಕುಡಿದವರ ಹೊಟ್ಟೆ ಸೇರಿ, ವರ್ಷ ತುಂಬುವುದರೊಳಗೆ ಕಾಲಿನ ಚರ್ಮ ಒಡೆದು, ಮೊಳದುದ್ದದ ಹುಳು ಹೊರಗೆ ತಲೆ ಹಾಕುತ್ತಿತ್ತು ಎಂದರೆ ಅವನು ನಕ್ಕ. ನಗಲಿ ಬಿಡು, ಅವನೇನು ಸರ್ಟಿಫಿಕೇಟಿಗೆ ಸಹಿ ಮಾಡುವವನಲ್ಲ.

ಸಹಿ ಮಾಡಬೇಕಾದವರು ಡಾಕ್ಟರ್ ಕಾಂಚನಾ. ಕಾಲಿನ ಹಳೆಯ ಕಲೆ ನೋಡಿ ಎಕ್ಸರೇ ಮಾಡಿಸಿದವರೂ ಅವರೇ. ಅವರಿಗೂ ಮೂವತ್ತು ದಾಟಿರಲಿಲ್ಲ. ಆದರೆ ಅವರು ನಗಲಿಲ್ಲ.

"ಪುಸ್ತಕದಾಗ ಒಂದು ಸಾಲು ಓದೀನ್ರಿ. ಭಾರತದಾಗ ಈ ರೋಗ ಇಲ್ಲ ಅಂತ ಐತಿ. ಇಲ್ಲದ ರೋಗ ನಾ ಹೆಂಗ ಬರೀಲಿ?"

"ಈಗ ಇಲ್ಲರಿ. ಆವಾಗ ಇತ್ತು."

"ಆವಾಗಿನ ಚೀಟಿ ಐತೇನ್ರಿ? ಯಾರರೆ ಬರದದ್ದು?"

ದ್ಯಾಮವ್ವ ತಲೆ ಅಲ್ಲಾಡಿಸಿದಳು.

"ಹಂಗಾರ ಮುಂದಿನ ತಪಾಸಣಿಗೆ ಕಳಸಬೇಕಾಗ್ತೈತಿ. ಮೂರು ವಾರ ಹಿಡೀತೈತಿ. ಬರೇ ನಿಮ್ಮ ಮಾತಿನ ಮ್ಯಾಲ ಸಹಿ ಮಾಡಿ, ನಾಳೆ ಹಾಸ್ಟೆಲಿನ ಹುಡುಗ್ಯಾರಿಗೆ ಏನರೆ ಆದ್ರ ನನ್ನ ಕೊರಳಿಗೆ ಬರ್ತೈತ್ರಿ."

ಅಂದು ಶುಕ್ರವಾರ. ಗದಗಿನ ಒಂದು ನರ್ಸಿಂಗ್ ಶಾಲೆಯ ಹಾಸ್ಟೆಲಿನಲ್ಲಿ ದ್ಯಾಮವ್ವನಿಗೆ ವಾರ್ಡನ್ ಕೆಲಸ ಆಗಿತ್ತು. ಕೆಲಸದ ಜೊತೆಗೆ ಇರಲು ಒಂದು ಕೋಣೆ. ಸೋಮವಾರ ಸಂಜೆಯೊಳಗೆ ಆರೋಗ್ಯದ ಸರ್ಟಿಫಿಕೇಟ್ ಕೊಡದಿದ್ದರೆ ಮುಂದಿನವರನ್ನು ಕರೆಯುತ್ತೇವೆ ಎಂದು ಹೇಳಿದ್ದರು.

ದ್ಯಾಮವ್ವನಿಗೆ ಬೇಕಾಗಿದ್ದದ್ದು ಆ ಕೋಣೆ.

ಬೆಟಗೇರಿಯ ಅವರ ಮನೆ ಅಂದರೆ ಎರಡು ಕೋಣೆ, ಒಂದು ಮಗ್ಗ. ತಮ್ಮ ವಿಠೋಬಾ, ಅವನ ಹೆಂಡತಿ ನೀಲವ್ವ, ಮಗಳು ವಿದ್ಯಾಶ್ರೀ. ದ್ಯಾಮವ್ವ ಮಲಗುವುದು ನೂಲಿನ ಗಂಟುಗಳ ಸಂದಿಯಲ್ಲಿ. ಕಾಲು ಚಾಚಿದರೆ ಗೋಡೆ, ಕೈ ಚಾಚಿದರೆ ಗಂಟು. ಮಗ್ಗ ಶುರುವಾದರೆ ಎದ್ದು ಕೂಡಬೇಕು, ನಿಂತರೆ ಮಲಗಬಹುದು. ಮಿಲಿಟರಿ ನರ್ಸಿಂಗ್ ಸೇವೆಯಲ್ಲಿ ಹದಿನಾಲ್ಕು ವರ್ಷ ದುಡಿದು, ಭುಜದ ಮೇಲೆ ನಕ್ಷತ್ರ ಹೊತ್ತು ಬಂದವಳು. ಅವಧಿ ಮುಗಿದ ಮೇಲೆ ಹಾಸಿಗೆ ಹಿಡಿದ ತಾಯಿಯನ್ನು ಹತ್ತು ವರ್ಷ ನೋಡಿಕೊಂಡಳು. ತಾಯಿ ಹೋದ ವರ್ಷ ತೀರಿದಳು. ಆಮೇಲೆ ಈ ಮನೆಯಲ್ಲಿ ಅವಳು ಯಾಕಿದ್ದಾಳೆ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳದಿದ್ದದ್ದೇ ಅವಳಿಗೆ ಹೆಚ್ಚು ಚುಚ್ಚುತ್ತಿತ್ತು.

ಎಕ್ಸರೇಯ ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ನೀಲವ್ವ ನೀರಿಗೆ ಬೇರೆ ತಂಬಿಗೆ ಇಟ್ಟಿದ್ದಳು.

"ತಪ್ಪು ತಿಳಕೋಬ್ಯಾಡ್ರಿ ಅಕ್ಕಾರ. ಬೆಳದ ಹುಡುಗಿ ಮನ್ಯಾಗದಾಳ. ಹುಳ ಅಂತ ಅಂದ್ರ ಮಂದಿ ಏನಂತಾರ?"

"ಅದು ಸತ್ತೈತಿ ನೀಲವ್ವಾ."

"ಸತ್ತದ್ದು ಇಷ್ಟು ದಿನ ಕಾಲಾಗ ಯಾಕ ಇಟಗೊಂಡಿದ್ರಿ ಮತ್ತ?"

ದ್ಯಾಮವ್ವ ಬೇರೆ ತಂಬಿಗೆಯ ನೀರನ್ನೇ ಕುಡಿದಳು.

ಈಶಾನ್ಯದ ಗುಡ್ಡಗಾಡಿನ ಮಿಲಿಟರಿ ಆಸ್ಪತ್ರೆಯಲ್ಲಿ ಅವಳು ಮಲೇರಿಯಾದ ವಾರ್ಡು ನೋಡಿಕೊಂಡಿದ್ದಳು. ಗುಂಡು ತಗುಲಿದವರು ಒಬ್ಬಿಬ್ಬರು ಬಂದರೆ, ಚಳಿಜ್ವರದವರು ನಲವತ್ತು ಮಂದಿ ಬರುತ್ತಿದ್ದರು. ನಾಲ್ಕು ತಾಸಿಗೊಮ್ಮೆ ಪ್ರತಿಯೊಬ್ಬನ ಜ್ವರ ಅಳೆದು ಹಾಳೆಯ ಮೇಲೆ ಚುಕ್ಕೆ ಇಡಬೇಕು, ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಸವರಬೇಕು. ಒಬ್ಬ ದೊಡ್ಡ ಡಾಕ್ಟರು ಅವಳ ಮೂರು ವರ್ಷದ ಹಾಳೆಗಳನ್ನು ಒಯ್ದು, ಯಾವ ಗುಳಿಗೆ ಯಾವ ಜ್ವರಕ್ಕೆ ನಾಟುವುದಿಲ್ಲ ಎಂದು ಕಂಡುಹಿಡಿದರು. ಹಿಂದಿನ ಯುದ್ಧಗಳಲ್ಲೂ ಹೀಗೇ ನಡೆದಿತ್ತಂತೆ. ಜ್ವರದ ಔಷಧ ಹುಡುಕಿದವರ ಹೆಸರು ಉಳಿಯಿತು, ಚುಕ್ಕೆ ಇಟ್ಟವರದು ಉಳಿಯಲಿಲ್ಲ. ದ್ಯಾಮವ್ವನಿಗೆ ಅದರ ಬೇಸರ ಇರಲಿಲ್ಲ. ಹೊಸ ಹುಡುಗಿಯರಿಗೆ ಅವಳು ಹೇಳುತ್ತಿದ್ದದ್ದು ಒಂದೇ ಮಾತು: ಹಾಳೆಯ ಮೇಲೆ ಬರೆಯದಿದ್ದರೆ ಅದು ಆಗೇ ಇಲ್ಲ.

ಈಗ ಆ ಮಾತು ಅವಳನ್ನೇ ಹಿಡಿದಿತ್ತು.

ಒಂಬತ್ತು ವರ್ಷದವಳಿದ್ದಾಗ ಅವಳು ಶಿರಹಟ್ಟಿ ಕಡೆಯ ಹಳ್ಳಿಯಲ್ಲಿ ತಾಯಿಯ ತಾಯಿಯ ಹತ್ತಿರ ಇದ್ದಳು. ಆಯಿ ಎನ್ನುತ್ತಿದ್ದಳು. ಊರಿಗೆ ಇದ್ದದ್ದು ಒಂದೇ ಸಿಹಿನೀರಿನ ಬಾವಿ. ಪಾವಟಿಗೆಯ ಮೆಟ್ಟಿಲು ಇಳಿದು, ಮೊಣಕಾಲಮಟ ನೀರಿನಲ್ಲಿ ನಿಂತು ಕೊಡ ತುಂಬಬೇಕು. ಕಾಲಿನಲ್ಲಿ ನಾರು ಇದ್ದವರೂ ಇಳಿಯುತ್ತಿದ್ದರು, ಅದೇ ನೀರನ್ನು ಎಲ್ಲರೂ ಕುಡಿಯುತ್ತಿದ್ದರು. ದ್ಯಾಮವ್ವನ ಹರಡಿನ ಮೇಲೆ ಗುಳ್ಳೆ ಎದ್ದು ಒಡೆಯಿತು. ಆಯಿ ಹುಳುವಿನ ತಲೆಯನ್ನು ಒಂದು ಕಡ್ಡಿಗೆ ಸಿಕ್ಕಿಸಿ ದಿನಕ್ಕೆ ಒಂದು ಬೆರಳಿನಷ್ಟು ಸುತ್ತಿದಳು. ಇಪ್ಪತ್ತು ದಿನ ಹುಡುಗಿ ಗೋಡೆಗೆ ಒರಗಿ ಕೂತೇ ಇದ್ದಳು. ಇಪ್ಪತ್ತೊಂದನೆಯ ದಿನ ಬೇಸತ್ತು ತಾನೇ ಜಗ್ಗಿದಳು. ಹುಳು ಹರಿದು ಉಳಿದದ್ದು ಒಳಕ್ಕೆ ಸೇದಿಕೊಂಡಿತು. ಕಾಲು ಕುಂಬಳಕಾಯಿಯಾಯಿತು.

ಅದೇ ವಾರ ನಾರು ಹುಡುಕುವ ಸರಕಾರದ ಮನುಷ್ಯ ಮನೆ ಮನೆ ತಿರುಗುತ್ತ ಬಂದ. ಆಯಿ ಹುಡುಗಿಯನ್ನು ಒಳಕೋಣೆಯಲ್ಲಿ ಜೋಳದ ಚೀಲಗಳ ಹಿಂದೆ ಕೂಡಿಸಿ ಬಾಗಿಲು ಹಾಕಿದಳು.

ಅವನಿಗೆ ಊರವರು ಇಟ್ಟ ಹೆಸರು ನಾರಿನ ಹುಚ್ಚೀರಪ್ಪ. ಇನ್ನೂ ಲಕ್ಷ್ಮೇಶ್ವರದಲ್ಲಿದ್ದಾನೆ ಎಂದು ವಿಠೋಬಾ ಹೇಳಿದ. ಬರೆದುಕೊಡಬಲ್ಲವನು ಇನ್ನು ಅವನೊಬ್ಬನೇ ಎಂದುಕೊಂಡು ಶನಿವಾರ ಬೆಳಿಗ್ಗೆ ದ್ಯಾಮವ್ವ ಬಸ್ಸು ಹತ್ತಿದಳು.

ಹುಚ್ಚೀರಪ್ಪನಿಗೆ ಎಪ್ಪತ್ತಾರು ವರ್ಷ. ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದ. ನಾರು ಎಂದೊಡನೆ ಮುಖ ಅರಳಿತು. ಒಳಗೆ ಕರೆದೊಯ್ದು ಗೋಡೆಯ ಮೇಲಿನ ಪ್ರಶಂಸಾಪತ್ರ ತೋರಿಸಿದ.

"ಈ ಭಾಗದಾಗ ನಾರು ಹೋದದ್ದು ಈ ಕಾಲಿನಿಂದವ್ವಾ. ಸೈಕಲ್ ಸೈತ ಕೊಟ್ಟಿರಲಿಲ್ಲ. ನನ್ನ ಮೊಮ್ಮಗಳು ಇದರ ಫೋಟೋ ಒಯ್ದು ಸಾಲ್ಯಾಗ ತೋರಸ್ತಾಳ, ನಮ್ಮಜ್ಜ ಅಂತ."

ದ್ಯಾಮವ್ವ ಆಯಿಯ ಊರಿನ ಹೆಸರು ಹೇಳಿದಳು.

"ಆ ವರ್ಷ ಆ ಊರಾಗ ನಾರು ಇರಲಿಲ್ಲ. ನಾನ ಬರದೀನಿ. ಸೊನ್ನಿ."

ಅವಳು ಸೀರೆಯ ನೆರಿಗೆ ಸ್ವಲ್ಪ ಎತ್ತಿ ಕಾಲು ಮುಂದೆ ಚಾಚಿದಳು. ಹರಡಿನ ಮೇಲೆ ಹಳೆಯ ಕಲೆ. ಅದರ ಪಕ್ಕದಲ್ಲಿ ಎಕ್ಸರೇ ಇಟ್ಟಳು. ಮುದುಕ ಕಲೆ ನೋಡಿದ, ಎಕ್ಸರೇ ಮುಟ್ಟಲಿಲ್ಲ.

"ನೀವು ಬಂದ ದಿನ ನಾ ಒಳಗ ಚೀಲದ ಹಿಂದಿದ್ದೆ ಅಜ್ಜಾರ. ಬಾಗಲ ಸಂದ್ಯಾಗಿಂದ ನಿಮ್ಮನ್ನ ನೋಡಿದ್ದೆ. ಬಿಳಿ ಟೊಪಗಿ ಹಾಕ್ಕೊಂಡಿದ್ರಿ."

ಅವನು ಬಾಯಲ್ಲಿದ್ದ ಎಲೆಯನ್ನು ಹೊರಗೆ ಉಗುಳಿ ಬಂದು ಕೂತ.

"ನಿಮ್ಮ ಆಯಿ ಮಜ್ಜಿಗಿ ಕೊಟ್ಟಿದ್ಲು," ಎಂದ. "ನೀ ಕೆಮ್ಮಿದಿ."

"ಕೇಳಿಸಿತ್ತೇನ್ರಿ?"

"ಕೇಳಿಸಿತ್ತು. ಬಾವಿ ಹತ್ರ ಒಬ್ಬಾಕಿ ಮೊದಲ ಹೇಳಿದ್ಲು, ಆ ಮನ್ಯಾಗ ಹುಡುಗಿ ಕಾಲಿಗೆ ನಾರಾಗೇತಿ ಅಂತ. ಬರದ್ರ ಬಾವಿ ಬಂದ್ ಮಾಡ್ತಿದ್ರು. ಬ್ಯಾರೆ ನೀರಿಗೆ ಮೂರು ಮೈಲಿ. ಊರ ಮಂದಿ ಕೈಯಾಗ ಕಲ್ಲು ಹಿಡದು ನಿಂತಿದ್ರವ್ವಾ. ಮಜ್ಜಿಗಿ ಕುಡದೆ, ಸೊನ್ನಿ ಬರದೆ, ಎದ್ದು ಬಂದೆ."

"ಆಮ್ಯಾಲ?"

"ಎರಡು ವರ್ಷಕ್ಕ ನಾನ ನಿಂತು ಪಾವಟಿಗಿ ಒಡಿಸಿ ಬಾವಿಗೆ ಕಟ್ಟಿ ಕಟ್ಟಿಸ್ದೆ. ಅಷ್ಟರಾಗ ಹನ್ನೊಂದು ಮಂದಿಗೆ ಆತು. ಒಬ್ಬ ರೈತನ ಕಾಲು ಮತ್ತ ನೆಟ್ಟಗ ಆಗಲೇ ಇಲ್ಲ."

ಅಂದು ತನ್ನ ಕಾಲಿನಲ್ಲಿ ನಾರು ಇತ್ತು ಎಂದು ಬರೆದುಕೊಡಿ ಎಂದು ದ್ಯಾಮವ್ವ ಕೇಳಿದಳು. ಅವನು ತಟ್ಟನೆ ಎದ್ದು ನಿಂತ.

"ಆಗೂದಿಲ್ಲವ್ವಾ. ಈ ವಯಸ್ಸಿನ್ಯಾಗ ನಾ ಸುಳ್ಳು ಬರದಿದ್ದೆ ಅಂತ ಹೆಂಗ ಬರೀಲಿ? ಗ್ವಾಡಿ ಮ್ಯಾಲಿಂದ ಅದನ್ನ ತಗೀಲೇನು?"

ಅವಳು ಒತ್ತಾಯ ಮಾಡಲಿಲ್ಲ. ಎಕ್ಸರೇಯನ್ನು ಲಕೋಟೆಯಲ್ಲಿಟ್ಟು, ಕಂಬ ಹಿಡಿದು ಎದ್ದಳು. ಕಾಲು ಜೋಮು ಹಿಡಿದಿತ್ತು. ಮೂರು ಮೆಟ್ಟಿಲು ಇಳಿಯಲು ಅವಳು ತೆಗೆದುಕೊಂಡ ಹೊತ್ತನ್ನು ಅವನು ಹೊಸ್ತಿಲಲ್ಲಿ ನಿಂತು ನೋಡಿದ.

"ತಂಗೀ, ನಿಂದ್ರು," ಎಂದ.

ಮೊಮ್ಮಗಳ ನೋಟುಬುಕ್ಕಿನಿಂದ ಒಂದು ಹಾಳೆ ಹರಿದು ಬರೆದ. ಅಕ್ಷರ ದುಂಡಗಿತ್ತು. 'ಆ ದಿವಸ ನಾನು ಒಳಕೋಣೆ ನೋಡಲಿಲ್ಲ. ಮಗು ಕೆಮ್ಮಿದ್ದು ಕೇಳಿಸಿತ್ತು. ನಾರು ಇದೆ ಎಂದು ಗೊತ್ತಿತ್ತು. ಇಲ್ಲ ಎಂದು ಬರೆದೆ.' ಮೇಲೆ ಊರು, ವರ್ಷ, ದ್ಯಾಮವ್ವನ ಹೆಸರು; ಕೆಳಗೆ ತನ್ನ ಹೆಸರು, ಹಳೆಯ ಹುದ್ದೆ, ಫೋನ್ ನಂಬರು. ಅವಳ ನಂಬರನ್ನೂ ಕೇಳಿ ಬರೆದಿಟ್ಟುಕೊಂಡ. ಹಾಳೆ ಕೊಟ್ಟು, ಅದರ ತುದಿಯನ್ನು ಮಾತ್ರ ಬಿಡಲಿಲ್ಲ.

"ಇದನ್ನ ತೋರಸಲಾರದ ಕೆಲಸ ಆದ್ರ ಚಲೋ. ಆಗದಿದ್ರ ತೋರಸು."

ಸೋಮವಾರ ಡಾಕ್ಟರ್ ಕಾಂಚನಾ ಮೊಬೈಲಿನಲ್ಲಿ ನಾರಿನ ಹತ್ತಾರು ಹಳೆಯ ಎಕ್ಸರೇ ಚಿತ್ರ ಹುಡುಕಿ ಇಟ್ಟುಕೊಂಡಿದ್ದರು. "ಹದಿನೈದಾಣೆ ನಂಬಿಕಿ ಬಂದೈತ್ರಿ ಸಿಸ್ಟರ್. ಎಲ್ಲಾ ಹಿಂಗ ಕಾಣತಾವು. ಇನ್ನೊಂದಾಣೆಗೆ ಏನರೆ ಕಾಗದ ಇದ್ರ ಈಗ ಸಹಿ ಮಾಡ್ತಿದ್ದೆ."

ದ್ಯಾಮವ್ವ ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಿಂದ ಹಿಡಿದು ಕೂತಳು. ಮುದುಕನ ಗೋಡೆಯ ಮೇಲಿನ ಪ್ರಶಂಸಾಪತ್ರ ನೆನಪಾಯಿತು, ಫೋಟೋ ಒಯ್ಯುವ ಮೊಮ್ಮಗಳು ನೆನಪಾದಳು. ನೂಲಿನ ಗಂಟುಗಳ ಸಂದಿಯೂ ನೆನಪಾಯಿತು. ಹೊರಗೆ ನರ್ಸು ಮುಂದಿನವರ ಹೆಸರು ಕೂಗಿದಳು.

ಅವಳು ಹಾಳೆ ತೆಗೆದು ಕೊಟ್ಟಳು.

ಡಾಕ್ಟರು ಎರಡು ಸಲ ಓದಿ ಸಹಿ ಮಾಡಿದರು. ಆಮೇಲೆ ಆ ಹಾಳೆಯ ಫೋಟೋ ಹೊಡೆದುಕೊಂಡರು.

"ನಮ್ಮ ಸರ್ ಅವರಿಗೆ ಕಳಸ್ತೀನ್ರಿ. ಹಳೇ ರೋಗದ ಮ್ಯಾಲ ಅಭ್ಯಾಸ ಮಾಡಾಕತ್ತಾರ."

"ಅವರ ಹೆಸರು ತಗದು ಕಳಸ್ರಿ ಮೇಡಂ."

"ಹೆಸರಿಲ್ಲದ ಸಾಕ್ಷಿನ ಯಾರು ಕೇಳ್ತಾರ್ರಿ?" ಎನ್ನುತ್ತಲೇ ಅವರು ಬೆರಳು ಒತ್ತಿದರು. ಫೋಟೋ ಹೋಯಿತು.

ನಾಲ್ಕು ಗಂಟೆಗೆ ದ್ಯಾಮವ್ವ ಶಾಲೆಗೆ ಸರ್ಟಿಫಿಕೇಟ್ ಕೊಟ್ಟು ಕೋಣೆಯ ಕೀಲಿ ಇಸಿದುಕೊಂಡಳು. ಖಾಲಿ ಕೋಣೆ, ಒಂದು ಮಂಚ, ಒಂದು ಕಿಟಕಿ. ಮಂಚದ ಮೇಲೆ ಕೂತು ಎರಡೂ ಕಾಲು ಉದ್ದಕ್ಕೆ ಚಾಚಿದಳು. ಆಗ ಫೋನು ಬಂತು. ಹುಚ್ಚೀರಪ್ಪ.

"ತೋರಸಿದೇನವ್ವಾ?"

"ತೋರಸಿದ್ನಿರಿ ಅಜ್ಜಾರ. ಅವರು ಫೋಟೋ ತಗದು ಯಾರಿಗೋ ಕಳಿಸ್ಯಾರ. ನಿಮ್ಮ ಹೆಸರು ಬ್ಯಾಡ ಅಂದೆ, ಕೇಳಲಿಲ್ಲ."

ಆ ಕಡೆ ಯಾರೋ ಹುಡುಗಿ ಜೋರಾಗಿ ಪಾಠ ಓದುವುದು ಕೇಳುತ್ತಿತ್ತು.

"ಆತು ಬಿಡು," ಎಂದ ಮುದುಕ. "ಕೋಣಿ ಸಿಕ್ಕಿತಲ್ಲ?"

"ಸಿಕ್ತರಿ."

ಅವನು ಫೋನು ಇಡಲಿಲ್ಲ. ದ್ಯಾಮವ್ವನೂ ಇಡಲಿಲ್ಲ. ಹುಡುಗಿ ಪಾಠ ಮುಗಿಸಿ ಮುಂದಿನ ಪುಟ ತಿರುವಿದಳು. ಅಜ್ಜಾ, ಯಾರ ಫೋನು ಎಂದು ಕೇಳಿದಳು.