ಇಲ್ಲದ ಪ್ಲಮ್ ತೋಪು

ಚಿಕಾಗೋ ಬಳಿಯ ಡೆಸ್ ಪ್ಲೇನ್ಸ್‌ನ ನಮ್ಮ ಕಾರ್ಗೋ ಆಫೀಸಿನಲ್ಲಿ ನನ್ನ ಪಕ್ಕದ ಮೇಜು ಚೀನಾದ ಒಬ್ಬ ಗೆಳತಿಯದು. ಒಂದು ಮಧ್ಯಾಹ್ನ ನನ್ನ ಡಬ್ಬಿಯ ಉಪ್ಪಿನ ನೆಲ್ಲಿಕಾಯಿ ಕಚ್ಚಿ, ಮುಖ ಹಿಂಡಿ, ತಮ್ಮಲ್ಲೊಂದು ನಾಣ್ನುಡಿ ಇದೆ ಎಂದಳು: ‘ವಾಂಗ್ ಮೇ ಜಿ ಖ’. ಪ್ಲಮ್ ನೋಡಿ ಬಾಯಾರಿಕೆ ನೀಗಿಸಿಕೊಳ್ಳುವುದು. ನೀರಿಲ್ಲದೆ ಸೊರಗಿದ ಸೈನಿಕರಿಗೆ ಸೇನಾಪತಿಯೊಬ್ಬ, ಮುಂದೆ ಹುಳಿ ಪ್ಲಮ್ಮಿನ ತೋಪಿದೆ ಎಂದನಂತೆ. ಅಷ್ಟಕ್ಕೇ ಎಲ್ಲರ ಬಾಯಲ್ಲೂ ನೀರೂರಿ ಕಾಲು ಮುಂದೆ ಸಾಗಿತಂತೆ.

ನನಗೆ ಬಹಳ ಹಿಡಿಸಿತು. ಹುಣಸೆಹಣ್ಣಿನ ಹೆಸರೆತ್ತಿದರೂ ಬಾಯಲ್ಲಿ ನೀರೂರುವ ಜಾತಿ ನಮ್ಮದು. ಇದು ರುಚಿಯ ಮಾತು ಎಂದುಕೊಂಡುಬಿಟ್ಟೆ. ಮರುವಾರ ಅವಳು ತಂದ ಡಂಪ್ಲಿಂಗ್ ನೋಡಿ ಜಂಬದಿಂದ ಆ ನಾಣ್ನುಡಿ ಪ್ರಯೋಗಿಸಿದೆ. ಅವಳು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಎದುರಿಗಿರುವ ತಿಂಡಿಗೆ ಅದನ್ನು ಹೇಳುವುದಿಲ್ಲವಂತೆ. ಸಿಗದ್ದನ್ನು ನೆನೆದು ಸಮಾಧಾನ ಪಟ್ಟುಕೊಳ್ಳುವವರಿಗೆ, ಮನೆ ಕೊಳ್ಳಲಾಗದೆ ಮನೆಯ ಫೋಟೋ ನೋಡುತ್ತಾ ಕೂರುವವರಿಗೆ ಹೇಳಬೇಕಂತೆ. ಅಂದರೆ ಹೆಚ್ಚುಕಡಿಮೆ ನಮ್ಮ ಕನ್ನಡಿಯೊಳಗಿನ ಗಂಟು. ಕೊನೆಗೆ ತೋಪು ಸಿಕ್ಕಿತೇ ಎಂದು ಕೇಳಿದೆ. ತೋಪೇ ಇರಲಿಲ್ಲ, ಆದರೆ ನೀರು ಸಿಗುವವರೆಗೆ ನಡೆದರು ಎಂದಳು. ಆ ಸೇನಾಪತಿಯ ಮೇಲೆ ನನಗೆ ಸಿಟ್ಟೇ ಬಂತು.

ನಾನಿರುವುದು ಆಫೀಸಿಗೆ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ. ನನ್ನ ಗಂಡ ಮಿಶಿಗನ್ನಿನ ನೋವೈಯಲ್ಲಿ ಕಾರು ಕಂಪನಿಯ ಎಂಜಿನಿಯರ್. ವೀಸಾದ ದೆಸೆಯಿಂದ ಇಬ್ಬರೂ ಕೆಲಸ ಬಿಡುವಂತಿಲ್ಲ. ವೀಕೆಂಡಿನ ಸಂಸಾರ, ನಡುವೆ ಮುನ್ನೂರು ಮೈಲಿ. ಅವರ ಗಡಿಯಾರ ಒಂದು ಗಂಟೆ ಮುಂದು. ನಾನು ಊಟಕ್ಕೆ ಕೂರುವ ಹೊತ್ತಿಗೆ ಅವರು ತಟ್ಟೆ ತೊಳೆದಿಟ್ಟಿರುತ್ತಾರೆ. ಫೋನಿನಲ್ಲಿ ಪ್ರತಿಸಲವೂ ಒಂದೇ ಮಾತು: “ಚಿಕಾಗೋ ಬ್ರಾಂಚ್‌ಗೆ ಟ್ರಾನ್ಸ್‌ಫರ್ ಅಪ್ಲೈ ಮಾಡಿದೀನಿ ಕಣೇ. ಮುಂದಿನ ಸಮ್ಮರ್‌ಗೆ ಒಂದೇ ಮನೆ.” ಆ ಮಾತಿನ ಬಲದಲ್ಲೇ ನಾನು ವಾರ ದೂಡುತ್ತಿದ್ದೆ.

ಕಳೆದ ತಿಂಗಳು ನೋವೈಗೆ ಹೋಗಿದ್ದಾಗ ದೇವಸ್ಥಾನದಲ್ಲಿ ಒಬ್ಬ ಆಂಟಿ ಸಿಕ್ಕರು. ಅವರ ಮಗನಿಗೂ ಅದೇ ಕಂಪನಿ. ಚಿಕಾಗೋ ಬ್ರಾಂಚನ್ನು ಹೋದ ಚಳಿಗಾಲದಲ್ಲೇ ಮುಚ್ಚಿಬಿಟ್ಟರಲ್ಲ ಎಂದು ಪ್ರಸಾದದ ಪುಳಿಯೋಗರೆ ತಿನ್ನುತ್ತಾ ಹೇಳಿದರು. ನನ್ನ ತುತ್ತು ಕೈಯಲ್ಲೇ ಉಳಿಯಿತು. ಗಂಡ ಆಚೆ ನನ್ನ ಚಪ್ಪಲಿ ಹುಡುಕುತ್ತಿದ್ದರು.

ಆಗಲೇ ಬಾಯಿಬಿಟ್ಟರೆ ದೇವಸ್ಥಾನವೆಂದೂ ನೋಡದೆ ಜಗಳವಾಡುತ್ತೇನೆಂದು ಹಲ್ಲು ಕಚ್ಚಿಕೊಂಡು, ಅಂದೇ ವಾಪಸ್ ಹೊರಟೆ. ಫೋನಿನಲ್ಲೇ ನೀರಿಳಿಸುತ್ತೇನೆ ಎಂದು ಮೈಲಿಗಟ್ಟಲೆ ಮಾತು ಜೋಡಿಸಿದೆ. ಇಂಡಿಯಾನಾ ದಾಟುವಷ್ಟರಲ್ಲಿ ಸಿಟ್ಟು ಅಳುವಾಗಿತ್ತು. ಆ ಸುಳ್ಳು ಹೇಳದಿದ್ದರೆ ಅವರಾದರೂ ಆ ಖಾಲಿ ಅಪಾರ್ಟ್‌ಮೆಂಟಿನಲ್ಲಿ ಹೇಗೆ ದಿನ ಕಳೆದಾರು? ನನಗೆ ಬೇಕಾಗಿದ್ದದ್ದು ಬ್ರಾಂಚಲ್ಲ, ಅವರು.

ಮರುದಿನ ಸಂಜೆ ಎಂದಿನಂತೆ ಫೋನ್ ಬಂತು. “ಈ ಸಲ ಹಿತ್ತಲಿರೋ ಮನೆನೇ ನೋಡೋಣ. ನೀನು ಗಿಡ ಹಾಕ್ಬಹುದು,” ಎಂದರು.

ಜೋಡಿಸಿಟ್ಟ ಮಾತೆಲ್ಲ ಗಂಟಲವರೆಗೆ ಬಂದಿತ್ತು. ನುಂಗಿದೆ.

“ನೆಲ್ಲಿಕಾಯಿ ಈ ಚಳಿಗೆ ಬರಲ್ಲ ರೀ. ಪ್ಲಮ್ ಹಾಕೋಣ.”

ಎಷ್ಟು ಗಿಡ ಎಂದು ಕೇಳಿದರು. ಒಂದು ತೋಪೇ ಇರಲಿ ಎಂದೆ. ನಿಜ ಹೇಳುತ್ತೇನೆ, ಬಾಯಲ್ಲಿ ನೀರೂರಿತು.